ಊರುಗೋಲಿನ ಅಳತೆ

ವಿಮೆ ಬೇರೆ, ದಾನ ಬೇರೆ. ದಾನವು ಕೊಡುವವನ ಮನಸ್ಸನ್ನು ಅವಲಂಬಿಸಿದ್ದು. ವಿಮೆಯಾದರೋ ತಾನೇ ಮುಂಗಡವಾಗಿ ತೆತ್ತ ಹಣದಿಂದ ಪಡೆದ ಹಕ್ಕು. ಈ ತತ್ತ್ವದ ಮೇಲೆ ಅಮೆರಿಕದಲ್ಲಿ 1956ರಲ್ಲಿ, ಐಸೆನ್‌ಹೋವರ್ ಅಧ್ಯಕ್ಷರಾಗಿದ್ದಾಗ, ಅಂಗವೈಕಲ್ಯ ವಿಮೆಯ ಶಾಸನವಾಯಿತು. ಸಂಬಳದಿಂದ ತೆರಿಗೆ ಮುರಿದುಕೊಳ್ಳುತ್ತಾರೆ. ರೋಗದಿಂದಲೋ ಅಪಘಾತದಿಂದಲೋ ಮೈ ಸೋತು ದುಡಿಯಲಾರದೆ ಹೋದಾಗ ಮಾಸಾಶನ ಕೊಡುತ್ತಾರೆ. ಮೊದಲಿಗೆ ಐವತ್ತು ತುಂಬಿದವರಿಗಷ್ಟೆ ಇದ್ದ ಈ ಸೌಲಭ್ಯ 1960ರಲ್ಲಿ ಕಿರಿಯರಿಗೂ ದೊರೆಯಿತು. ಹೀಗಿದ್ದೂ ಮಾಸಾಶನ ಪಡೆಯುವವರಲ್ಲಿ ಅನೇಕರು ಬಡವರಾಗಿಯೇ ಉಳಿದಿರುವುದೇಕೆ?

ಮೊದಲ ಕಾರಣ ಲೆಕ್ಕದಲ್ಲಿದೆ. ಮಾಸಾಶನವನ್ನು ಇಂದಿನ ಅಗತ್ಯ ನೋಡಿ ಗೊತ್ತುಮಾಡುವುದಿಲ್ಲ. ಹಿಂದಿನ ಗಳಿಕೆ ನೋಡಿ ಗೊತ್ತುಮಾಡುತ್ತಾರೆ. 2024ರ ಸೂತ್ರದಂತೆ ಸರಾಸರಿ ತಿಂಗಳ ಗಳಿಕೆಯ ಮೊದಲ 1,174 ಡಾಲರಿಗೆ ನೂರಕ್ಕೆ 90, ಅದರ ಮೇಲಿನ ಮೊತ್ತಕ್ಕೆ ನೂರಕ್ಕೆ 32, ಇನ್ನೂ ಮೇಲಕ್ಕೆ ಹೋದರೆ ನೂರಕ್ಕೆ 15. ಸರಾಸರಿ 1,500 ಡಾಲರ್ ಗಳಿಸುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಹೀಗೆ ಸಲ್ಲುವುದು ಸುಮಾರು 1,160. ಆ ವರ್ಷ ಒಬ್ಬಂಟಿಗೆ ಅಲ್ಲಿನ ಸರಕಾರವೇ ಎಳೆದ ಬಡತನದ ಗೆರೆ ತಿಂಗಳಿಗೆ 1,255. ಸೂತ್ರಕ್ಕೆ ಬಡವರ ಕಡೆ ಒಲವಿಲ್ಲವೆಂದಲ್ಲ. ಆದರೂ ಹಳೆಯ ಅಲ್ಪ ಕೂಲಿಯ ನೆರಳು ಅವಳನ್ನು ಬಿಡದು.

ಎರಡನೆಯ ಕಾರಣ ಕಾಯುವಿಕೆ. ಸಾಮಾನ್ಯವಾಗಿ ಮೊದಲ ಐದು ತಿಂಗಳು ಮಾಸಾಶನವಿಲ್ಲ. ಅದು ಸಲ್ಲತೊಡಗಿದ ಮೇಲೂ ಮೆಡಿಕೇರ್ ಎಂಬ ವೈದ್ಯಕೀಯ ವಿಮೆಗಾಗಿ ಬಹುಪಾಲು ಜನ ಮತ್ತೆ 24 ತಿಂಗಳು ಕಾದಿರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ನೆನಪಾಗುತ್ತದೆ. ರೋಗವಾದರೋ ಕಾಯುವುದಿಲ್ಲ, ಇದ್ದಬದ್ದ ಉಳಿತಾಯವೆಲ್ಲ ಔಷಧಿಗೇ ಕರಗುತ್ತದೆ.

ಮೂರನೆಯದು ಇನ್ನೂ ವಿಚಿತ್ರ. ತೀರ ಕಡಿಮೆ ಆದಾಯದ ವೃದ್ಧರಿಗೂ ಅಶಕ್ತರಿಗೂ 1972ರ ಶಾಸನವೊಂದು ಪೂರಕ ನೆರವನ್ನು ಒದಗಿಸಿತು. ಆದರೆ ಅದನ್ನು ಪಡೆಯುವ ಒಬ್ಬಂಟಿಯ ಬಳಿ, ವಾಸದ ಮನೆಯಂಥ ಕೆಲವನ್ನು ಬಿಟ್ಟು, 2,000 ಡಾಲರಿಗಿಂತ ಹೆಚ್ಚಿನ ಆಸ್ತಿ ಇರಕೂಡದು. 1989ರಲ್ಲಿ ನಿಂತ ಈ ಮಿತಿ 2024ರಲ್ಲಿಯೂ ಕದಲಿರಲಿಲ್ಲ. ಅಷ್ಟರಲ್ಲಿ ಬೆಲೆಗಳು ಎರಡರಷ್ಟಕ್ಕಿಂತ ಮೇಲೇರಿದ್ದವು. ಆಪತ್ತಿಗೆಂದು ನಾಲ್ಕು ಕಾಸು ಕೂಡಿಡುವುದು ಗೃಹಸ್ಥನ ಧರ್ಮವೆಂದು ನಾವು ತಿಳಿದಿದ್ದೇವೆ. ಇಲ್ಲಿ ಆ ಧರ್ಮವನ್ನು ಪಾಲಿಸಿದವನು ನೆರವಿಗೇ ಎರವಾಗುತ್ತಾನೆ.

ವಿಮೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಇವರಲ್ಲಿ ಎಷ್ಟೋ ಮಂದಿಗೆ ಬೀದಿಯೇ ಗತಿಯಾಗುತ್ತಿತ್ತು. ಆದರೆ ಊರುಗೋಲು ಕೊಡುವವರು ನಡೆಯಬೇಕಾದವನ ಎತ್ತರವನ್ನು ನೋಡಿ ಅದನ್ನು ಕಡಿಯಬೇಕು. ಅವನು ಹಿಂದೆ ಪಡೆದ ಕೂಲಿಯನ್ನು ನೋಡಿಯಲ್ಲ.