ಸೈಕಲ್ ಸವಾರಿಯಲ್ಲಿ ಮುಂದಣ ಕಾಲು: ಬಂಡೆನಾಡಿನ ಅಭ್ಯಾಸಿಗಳಿಗಾಗಿ ಒಂದು ವಿಚಾರ

ಮನುಷ್ಯರಲ್ಲಿ ಹೆಚ್ಚು ಮಂದಿ ಬಲಗೈಯವರೆಂಬುದು ಎಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ಕಾಲುಗಳ ವಿಷಯದಲ್ಲಿಯೂ ಅಂತಹ ಒಲವೊಂದುಂಟೆಂಬುದನ್ನು ಗಮನಿಸಿದವರು ಮಾತ್ರ ಕಡಮೆ. ನೆಲದ ಮೇಲೆ ನಡೆಯುವಾಗ ಎಡಗಾಲೂ ಬಲಗಾಲೂ ಸರದಿಯಂತೆ ಮುಂದಾಗುವುದರಿಂದ ಈ ಒಲವು ಮರೆಯಾಗಿಯೇ ಉಳಿಯುತ್ತದೆ. ಒಂದು ಕಾಲು ಮುಂದೆ, ಮತ್ತೊಂದು ಹಿಂದೆ ಎಂದು ಬಹಳ ಹೊತ್ತು ನಿಲ್ಲಬೇಕಾದ ಕೆಲಸದಲ್ಲಿ ಅದು ಪ್ರಕಟವಾಗುತ್ತದೆ. ಅಂತಹ ಕೆಲಸಗಳಲ್ಲಿ ಟ್ರಯಲ್ಸ್ ಎಂಬ ಸೈಕಲ್ ವಿದ್ಯೆಯು ಒಂದು. ಈ ವಿದ್ಯೆಯಲ್ಲಿ ಯಾವ ಕಾಲನ್ನು ಮುಂದಿಡಬೇಕು, ಆ ಆಯ್ಕೆಯು ಯಾವುದರಿಂದ ನಿರ್ಣಯವಾಗುತ್ತದೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗುವುದು.

ಟ್ರಯಲ್ಸ್ ಎಂದರೆ ವೇಗದ ಪಂದ್ಯವಲ್ಲ. ಬಂಡೆ, ಮರದ ದಿಮ್ಮಿ, ಗೋಡೆ ಮೊದಲಾದ ಅಡೆತಡೆಗಳ ಮೇಲೆ ಕಾಲನ್ನು ನೆಲಕ್ಕೂರದೆ ಸೈಕಲನ್ನು ನಡೆಸುವುದೇ ಇಲ್ಲಿಯ ಗುರಿ. ಹಳೆಯ ನಿಯಮದಲ್ಲಿ ಕಾಲೂರಿದ ಒಂದೊಂದು ಸಲಕ್ಕೆ ಒಂದು ದಂಡಾಂಕವೂ, ಒಂದು ವಿಭಾಗವನ್ನು ಮುಗಿಸಲಾರದೆ ಹೋದರೆ ಐದು ದಂಡಾಂಕಗಳೂ ಬೀಳುತ್ತಿದ್ದವು. ಈ ವಿದ್ಯೆಯು ಮೋಟಾರು ಸೈಕಲ್ಲಿನ ಟ್ರಯಲ್ಸಿನಿಂದ ಹುಟ್ಟಿತು. ಸ್ಪೇನ್ ದೇಶದ ಮೋಟಾರು ಸವಾರನಾದ ಪೆರೆ ಪಿ ಎಂಬಾತನು 1970ರ ದಶಕದಲ್ಲಿ ತನ್ನ ಮಗನಾದ ಓಟ್ ಪಿಗೆ ಸಣ್ಣ ಸೈಕಲ್ಲಿನ ಮೇಲೆ ಇದನ್ನು ಅಭ್ಯಾಸ ಮಾಡಿಸಿದನು. ಆ ಮಗನು ಮುಂದೆ ಲೋಕವಿಜೇತನಾದನು. 1986ರಿಂದ ಅಂತರರಾಷ್ಟ್ರೀಯ ಸೈಕಲ್ ಸಂಘದ ಆಶ್ರಯದಲ್ಲಿ ಇದರ ವಿಶ್ವಸ್ಪರ್ಧೆಗಳು ನಡೆದುಬಂದಿವೆ. ಮೋಟಾರು ಸೈಕಲ್ಲಿನಲ್ಲಿ ಪಾದಗಳನ್ನಿಡುವ ಆಧಾರಗಳೆರಡೂ ಅಕ್ಕಪಕ್ಕದಲ್ಲಿರುವುದರಿಂದ ಯಾವ ಕಾಲು ಮುಂದೆ ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಸೈಕಲ್ಲಿನಲ್ಲಿಯೋ, ಪೆಡಲುಗಳು ಒಂದಕ್ಕೊಂದು ಎದುರುದಿಕ್ಕಿಗಿರುವ ಕಾರಣ, ಸಮಮಟ್ಟದಲ್ಲಿ ನಿಂತೊಡನೆಯೇ ಒಂದು ಪಾದವು ಮುಂದೂ ಇನ್ನೊಂದು ಹಿಂದೂ ಆಗಲೇಬೇಕು.

ಈ ವಿಚಾರವು ನಮ್ಮ ನಾಡಿಗೆ ದೂರವಾದುದೆಂದು ವಾಚಕರು ಭಾವಿಸಬಾರದು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ಅದರಲ್ಲಿ ಸೇರಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಸೈಕಲ್ ಸವಾರನಿಗೆ ಬೇಕಾದ ನೆಲವೈವಿಧ್ಯವೆಲ್ಲವೂ ಉಂಟು. ಯಲಬುರ್ಗಾ, ಕುಷ್ಟಗಿಗಳ ಕಡೆ ಎರೆಯೂ ಮಸಾರಿಯೂ ಹರಡಿದ ಬಯಲು. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರ, ಹಿರೇಬೆಣಕಲ್ಲುಗಳ ಕಡೆ ಒಂದರ ಮೇಲೊಂದು ಪೇರಿಸಿದಂತಿರುವ ಕಣಶಿಲೆಯ ಗುಂಡುಗಳು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆಯು ಬಿರುಕುಗಳ ಜಾಡಿನಲ್ಲಿ ನೀರಿಗೂ ಬಿಸಿಲಿಗೂ ಸವೆದು ದುಂಡಾಗಿದೆ. ಅದರ ಒರಟಾದ ಮೈಯು ಪಾದವನ್ನೂ ಟೈರನ್ನೂ ಚೆನ್ನಾಗಿ ಹಿಡಿಯುವುದು. ಬರಿಯ ಕೈಕಾಲುಗಳಿಂದ ಗುಂಡನ್ನೇರುವ ಕ್ರೀಡೆಗಾಗಿ ದೇಶವಿದೇಶಗಳ ಜನರು ಇಲ್ಲಿಗೆ ಬರುವುದೂ ಈ ಕಾರಣದಿಂದಲೇ. ಇಂತಹ ನೆಲದ ಹುಡುಗನು ಸೈಕಲ್ಲಿನೊಡನೆ ಬಂಡೆಯ ಮೇಲೆ ಹೋದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯು ಕಾಲಿನದು.

ಮುಂದಣ ಕಾಲಿನ ಕೆಲಸವೇನೆಂಬುದನ್ನು ಮೊದಲು ನೋಡೋಣ. ಸವಾರನು ಆಸನದಿಂದೆದ್ದು ಹಿಂದಣ ಬ್ರೇಕನ್ನು ಬಿಗಿಹಿಡಿದು ನಿಲ್ಲುತ್ತಾನೆ. ಪೆಡಲುಗಳು ಸಮಮಟ್ಟದಲ್ಲಿರುವಾಗ ಎರಡು ಕಾಲುಗಳ ಭಾರವೂ ಸಮನಾಗಿದ್ದರೆ ಒಂದರ ಒತ್ತು ಮತ್ತೊಂದರ ಒತ್ತಿಗೆ ಸರಿಹೋಗಿ ಚಕ್ರಕ್ಕೆ ಬಲವು ದೊರೆಯದು. ಮುಂದಣ ಕಾಲು ಹೆಚ್ಚು ಭಾರವನ್ನು ಹೊತ್ತಾಗಲೇ ಚೈನು ಬಿಗಿಯುವುದು. ಸವಾರನು ಮುಂದಣ ಪೆಡಲನ್ನು ಸಮಮಟ್ಟಕ್ಕಿಂತ ತುಸು ಮೇಲಿಟ್ಟು, ಬ್ರೇಕನ್ನು ಸಡಿಲಿಸಿ ಒಮ್ಮೆಗೇ ತುಳಿದರೆ ಸೈಕಲ್ಲು ಮುಂದಕ್ಕೆ ಚಿಮ್ಮುತ್ತದೆ. ಅನಂತರ ಪೂರ್ಣ ಸುತ್ತನ್ನು ತುಳಿಯದೆ ಪೆಡಲನ್ನು ಹಿಂದಕ್ಕೆ ತಿರುಗಿಸಿ ಅದೇ ಕಾಲನ್ನು ಮತ್ತೆ ಮೊದಲಿನ ಸ್ಥಾನಕ್ಕೆ ತರುತ್ತಾನೆ. ಇದಕ್ಕಾಗಿಯೇ ಈ ಸೈಕಲ್ಲುಗಳ ಕೆಲವು ಫ್ರೀವೀಲುಗಳಲ್ಲಿ ಒಂದು ಸುತ್ತಿಗೆ 108 ಹಿಡಿತಗಳಿರುತ್ತವೆ. ಎಂದರೆ ಪೆಡಲು ಮೂರು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಸರಿಯುವಷ್ಟರಲ್ಲಿಯೇ ಚಕ್ರಕ್ಕೆ ಬಲವು ಮುಟ್ಟುತ್ತದೆ. 20 ಅಂಗುಲದ ಚಕ್ರಕ್ಕೆ ಮುಂದೆ 18, ಹಿಂದೆ 12 ಹಲ್ಲುಗಳಿದ್ದರೆ, ಪೆಡಲಿನ ಕಾಲು ಸುತ್ತಿಗೆ ಸೈಕಲ್ಲು ಸುಮಾರು 60 ಸೆಂಟಿಮೀಟರು ಮುಂದುವರಿಯುವುದು. ಒಂದು ಬಂಡೆಯಿಂದ ಮತ್ತೊಂದಕ್ಕೆ ನೆಗೆಯುವ ಸವಾರನ ಭವಿಷ್ಯವು ಈ ಎರಡಡಿಯ ತುಳಿತದಲ್ಲಿಯೇ ಅಡಗಿದೆ. ಕಾಲನ್ನು ಬದಲಿಸಲು ಅಲ್ಲಿ ಅವಕಾಶವಿಲ್ಲವಾದುದರಿಂದ ಒಮ್ಮೆ ಮುಂದಾದ ಕಾಲು ಸಾಮಾನ್ಯವಾಗಿ ಕೊನೆಯವರೆಗೂ ಮುಂದೆಯೇ ಉಳಿಯುತ್ತದೆ.

ಈ ಆಯ್ಕೆಗೆ ಬೇರೆ ಫಲಗಳೂ ಉಂಟು. ಚೈನು ಬಲಗಡೆ ಇರುವುದರಿಂದ ಬಲಗಾಲಿನ ಒತ್ತು ನೇರವಾಗಿ ಹಲ್ಲುಚಕ್ರಕ್ಕೆ ಸಲ್ಲುತ್ತದೆ. ಎಡಗಾಲಿನ ಒತ್ತು ನಡುವಣ ಅಚ್ಚಿನ ಮೂಲಕ ಸಾಗಬೇಕಾಗಿ ಆ ಅಚ್ಚನ್ನು ತಿರುಚುತ್ತದೆ. ಎಡಗಾಲನ್ನು ಮುಂದಿಡುವವನು ಆ ಭಾಗವನ್ನು ಆಗಾಗ ಪರೀಕ್ಷಿಸುವುದು ಲೇಸು. ಮತ್ತು ಹ್ಯಾಂಡಲನ್ನು ಎಡಕ್ಕೆ ಬಹಳವಾಗಿ ತಿರುಗಿಸಿದರೆ ಮುಂದಣ ಚಕ್ರದ ಹಿಂಭಾಗವು ಬಲಕ್ಕೆ ಹೊರಳುವುದರಿಂದ, ಬಲಗಾಲು ಮುಂದಿದ್ದವನ ಬೆರಳುಗಳಿಗೆ ಟೈರು ತಾಗುವ ಭಯವುಂಟು. ಎಡಗಾಲು ಮುಂದಿದ್ದವನಿಗೆ ಈ ಭಯವು ಬಲತಿರುವಿನಲ್ಲಿ. ಹೀಗೆ ತನ್ನ ಮುಂದಣ ಕಾಲನ್ನು ಅರಿತವನೇ ತನ್ನ ಅಪಾಯದ ಪಕ್ಕವನ್ನೂ ಅರಿತಿರುವನು.

ಇನ್ನು ಒಲವು ಹೇಗೆ ಬರುತ್ತದೆಂಬ ಪ್ರಶ್ನೆ. ನಮ್ಮ ಹಳ್ಳಿಗಳ ಮಕ್ಕಳು ದೊಡ್ಡವರ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಸವಾರಿಯನ್ನು ಕಲಿತುದು ಸರ್ವರಿಗೂ ಪರಿಚಿತವಾದ ವಿಷಯ. ಮಗುವು ಸೈಕಲ್ಲಿನ ಎಡಗಡೆ ನಿಂತು, ಎಡಗಾಲನ್ನು ಎಡ ಪೆಡಲಿನ ಮೇಲಿಟ್ಟು, ಬಲಗಾಲನ್ನು ಮೇಲಣ ಕಂಬಿಯ ಕೆಳಗೆ ತೂರಿಸಿ ಬಲ ಪೆಡಲನ್ನು ಮುಟ್ಟುತ್ತದೆ. ಮೊದಮೊದಲು ಪೂರ್ಣ ಸುತ್ತು ಎಟುಕದೆ, ಅರ್ಧ ತುಳಿದು ಹಿಂದಕ್ಕೆ ತಿರುಗಿಸಿ ಮತ್ತೆ ತುಳಿಯುವುದುಂಟು. ಟ್ರಯಲ್ಸಿನ ಸವಾರನು ಶ್ರಮಪಟ್ಟು ಕಲಿಯುವ ಹಿಂದಿರುಗಿಸುವಿಕೆಯು ಇದಕ್ಕಿಂತ ಬೇರೆಯಲ್ಲ! ದೊಡ್ಡವರೂ ಎಡಗಡೆಯಿಂದಲೇ, ಎಡಪಾದವನ್ನು ಪೆಡಲಿನ ಮೇಲಿಟ್ಟು ಬಲಗಾಲಿನಿಂದ ನೆಲವನ್ನೊದ್ದು ಏರುವರು. ಚೈನು ಬಲಗಡೆ ಇರುವುದರಿಂದ ಧೋತರಕ್ಕೂ ಇದು ಕ್ಷೇಮ. ಈ ಅಭ್ಯಾಸದಲ್ಲಿ ಎಡಗಾಲು ಮೈಯನ್ನು ಹೊರುವುದನ್ನೂ, ಬಲಗಾಲು ಚಲಿಸುವುದನ್ನೂ ಕಲಿಯುತ್ತವೆ.

ಆಚಾರವಾದರೋ ಬಲಗಾಲಿನ ಪಕ್ಷವನ್ನೇ ವಹಿಸುತ್ತದೆ. ಹೊಸ ಸೊಸೆಯು ಹೊಸ್ತಿಲ ಮೇಲಣ ಅಕ್ಕಿಯ ಸೇರನ್ನು ಬಲಗಾಲಿನಿಂದ ದೂಡಿ ಮನೆಯನ್ನು ಪ್ರವೇಶಿಸುತ್ತಾಳೆ. ಶುಭಕಾರ್ಯಕ್ಕೆ ಹೊರಟವನಿಗೂ ಬಲಗಾಲನ್ನು ಮುಂದಿಡೆಂದು ಹಿರಿಯರು ಹೇಳುವರು. ಹೊಸ್ತಿಲಿಗೆ ಇದು ಒಪ್ಪತಕ್ಕದ್ದೇ ಸರಿ. ಆದರೆ ಹೊಸ್ತಿಲನ್ನು ದಾಟುವ ಕಾಲು ಒಂದು ಕ್ಷಣ ಮುಂದಿರುತ್ತದೆ. ಬಂಡೆಯ ಮೇಲಿನ ಕಾಲು ಸವಾರಿಯುದ್ದಕ್ಕೂ ಮುಂದಿರಬೇಕು. ‘ಎಡ’ ಮತ್ತು ‘ಎಡವು’ ಎಂಬ ಶಬ್ದಗಳ ಧ್ವನಿಸಾಮ್ಯವನ್ನು ಕಂಡು ಎಡಗಾಲೇ ಎಡವುವ ಕಾಲೆಂದು ತರ್ಕಿಸುವುದೂ ಸಲ್ಲದು.

ಶಾಸ್ತ್ರಜ್ಞರ ಪರಿಶೀಲನೆಯು ಏನನ್ನು ತಿಳಿಸುತ್ತದೆ? ಮೈಕೇಲ್ ಪೀಟರ್ಸ್ ಎಂಬ ಮನಶ್ಶಾಸ್ತ್ರಜ್ಞನು 1988ರಲ್ಲಿ ಕಾಲುಗಳ ಕೆಲಸದ ಹಂಚಿಕೆಯನ್ನು ವಿವರಿಸುತ್ತ, ಚೆಂಡನ್ನೊದೆಯುವಂತಹ ಕೆಲಸವನ್ನು ಮಾಡುವ ಕಾಲೇ ಒಲವಿನ ಕಾಲೆಂದೂ, ಆಗ ಮೈಯನ್ನು ಹೊತ್ತು ನಿಲ್ಲುವುದು ಇನ್ನೊಂದೆಂದೂ ವಿಂಗಡಿಸಿದನು. 1,45,000ಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ ನೂರಕ್ಕೆ ಸುಮಾರು 12 ಮಂದಿ ಎಡಗಾಲಿನವರೆಂದು ಕಂಡುಬಂದಿತು. ಬಲಗೈಯವರಲ್ಲಿ ಎಡಗಾಲಿನವರು ನೂರಕ್ಕೆ ಸುಮಾರು 3 ಮಾತ್ರವಾದರೆ, ಎಡಗೈಯವರಲ್ಲಿ ಸುಮಾರು 60. ಆದರೆ ಈ ಸಂಖ್ಯೆಗಳನ್ನು ನೇರವಾಗಿ ಪೆಡಲಿಗೆ ಅನ್ವಯಿಸಲಾಗದು. ಚೆಂಡನ್ನೊದೆಯುವಾಗ ಒಂದು ಕಾಲು ಚಲಿಸುತ್ತದೆ, ಮತ್ತೊಂದು ಹೊರುತ್ತದೆ. ಪೆಡಲಿನ ಮೇಲೆ ಮುಂದಣ ಕಾಲು ಹೊರಬೇಕು, ತುಳಿಯಲೂ ಬೇಕು. ಎರಡು ಕೆಲಸಗಳೂ ಒಂದೇ ಕಾಲಿಗೆ ಬಂದಾಗ, ಒದೆಯುವ ಕಾಲು ಮುಂದಾಗುವುದೋ ಹೊರುವ ಕಾಲು ಮುಂದಾಗುವುದೋ ಎಂಬುದು ಆಯಾ ಸವಾರನ ಮೈಯನ್ನೂ ಅಭ್ಯಾಸವನ್ನೂ ಅವಲಂಬಿಸುತ್ತದೆ. ಬಲಗೈಯವರಾಗಿದ್ದೂ ಎಡಗಾಲನ್ನು ಮುಂದಿಡುವ ಸವಾರರು ಇರುವುದು ಇದರಿಂದಲೇ. ಹಲಗೆಯ ಮೇಲೆ ನಿಂತು ಅಲೆಗಳನ್ನೇರುವವರಲ್ಲಿಯೂ ಎಡಗಾಲು ಮುಂದಿರುವುದೇ ವಾಡಿಕೆಯ ನಿಲುವೆಂದು ಎಣಿಸಲ್ಪಟ್ಟಿದೆ.

ಆದುದರಿಂದ ಕೈಯನ್ನು ನೋಡಿ ಕಾಲನ್ನು ನಿರ್ಣಯಿಸದೆ, ಪೆಡಲಿನ ಮೇಲೆಯೇ ಪರೀಕ್ಷಿಸಬೇಕು. ಕಲಿಯುವವನು ಇಳಿಜಾರಾದ, ಕಲ್ಲಿಲ್ಲದ ಮಸಾರಿ ನೆಲದಲ್ಲಿ ಎದ್ದುನಿಂತು, ತುಳಿಯದೆ ಸೈಕಲ್ಲನ್ನು ಉರುಳಲು ಬಿಡಲಿ. ಯಾವ ಕಾಲು ತಾನಾಗಿ ಮುಂದಾಯಿತೆಂಬುದನ್ನು ಬೇರೊಬ್ಬರು ಅವನಿಗೆ ತಿಳಿಸದೆ ಗುರುತಿಸಲಿ. ಹಲವು ದಿನ ಹೀಗೆ ಮಾಡಿದ ಮೇಲೆ, ಎರಡನೆಯ ಕಾಲನ್ನು ಮುಂದಿಟ್ಟು ಅದೇ ಇಳಿಜಾರಿನಲ್ಲಿ ಬರಲಿ. ಯಾವ ನಿಲುವಿನಲ್ಲಿ ಮಂಡಿಯು ಸಡಿಲವಾಗಿಯೂ ಹ್ಯಾಂಡಲು ಅಲುಗದೆಯೂ ಇರುವುದೋ ಅದೇ ಅವನ ಸಹಜವಾದ ನಿಲುವು. ಒಲವು ಸ್ಪಷ್ಟವಾಗದಿದ್ದರೆ ಇಳಿಜಾರಿನ ಬುಡದಲ್ಲಿ ಗೇಣುದ್ದದ ಕಟ್ಟೆಯನ್ನೇರುವ ತುಳಿತವನ್ನು ಎರಡು ಕಾಲುಗಳಿಂದಲೂ ಮಾಡಿಸಿ ಹೋಲಿಸಬಹುದು. ಹೀಗೆ ಕಂಡುಬಂದ ಎಡಗಾಲನ್ನು ಶುಭವಲ್ಲವೆಂದು ಹಿರಿಯರಾಗಲಿ, ರೂಢಿಯಲ್ಲವೆಂದು ವ್ಯಾಯಾಮದ ಉಪಾಧ್ಯಾಯರಾಗಲಿ ತಿದ್ದಬಾರದು. ಬಯಲಿನಲ್ಲಿ ತಿದ್ದಿಸಿಕೊಂಡ ಕಾಲು ಬಂಡೆಯ ನೆತ್ತಿಯ ಮೇಲೆ ಭಯವಾದೊಡನೆ ತನ್ನ ಹಳೆಯ ಸ್ಥಾನವನ್ನು ಹುಡುಕುವುದು. ಆ ಗಳಿಗೆಯ ತಡವರಿಕೆಯೇ ಬೀಳುವುದಕ್ಕೆ ಸಾಕು. ಸಹಜವಾದ ನಿಲುವು ದೃಢವಾದ ಬಳಿಕ ಮತ್ತೊಂದು ಕಾಲನ್ನೂ ಸ್ವಲ್ಪಮಟ್ಟಿಗೆ ಪಳಗಿಸುವುದು ಒಳ್ಳೆಯದು. ಅದರಿಂದ ದೇಹದ ಒಂದೇ ಪಕ್ಕಕ್ಕೆ ಶ್ರಮವು ಕೂಡುವುದು ತಪ್ಪುತ್ತದೆ.

ಕೊನೆಗೆ ಒಂದು ಮಾತು. ಈ ಸೀಮೆಯ ಬಂಡೆಗಳೆಲ್ಲ ಆಟಕ್ಕೆ ಸಲ್ಲತಕ್ಕವುಗಳಲ್ಲ. ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ಲಿನಲ್ಲಿ ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳೂ ಬಂಡೆಚಿತ್ರಗಳೂ ಇವೆ. ಅಲ್ಲಿಗೆ ಎಡಗಾಲಾಗಲಿ ಬಲಗಾಲಾಗಲಿ ಸೈಕಲ್ಲಿನೊಡನೆ ಹೋಗತಕ್ಕದ್ದಲ್ಲ. ಉಳಿದ ನೆಲದಲ್ಲಿ ಅಭ್ಯಾಸಮಾಡುವ ಬಾಲಕ ಬಾಲಕಿಯರು ತಮ್ಮ ಕಾಲನ್ನು ತಾವೇ ಅರಿತುಕೊಳ್ಳುವಂತೆ ಈ ಬರಹವು ನೆರವಾದರೆ ಶ್ರಮವು ಸಾರ್ಥಕವಾದಂತೆ.