ಬರೆದಂತೆ ಹರಿಯುವ ಜಾಲ

ನಾಲತವಾಡದಿಂದ ನಾರಾಯಣಪುರದ ದಾರಿ ಹಿಡಿದರೆ ಬಸವಸಾಗರ ಜಲಾಶಯ ದೂರವೇನಲ್ಲ. ಅಲ್ಲಿ ಹುಟ್ಟುವ ಎಡದಂಡೆ ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್. ಆಧುನೀಕರಣಗೊಂಡ ಈ ಕಾಲುವೆಯನ್ನು ಪ್ರಧಾನಿ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟಿಸಿದರು. ಮೊದಲು ಲಸ್ಕರ್‌ಗಳು ಕೈಯಿಂದ ತಿರುವುತ್ತಿದ್ದ ಗೇಟುಗಳಿಗೆ ಈಗ ಸ್ಕಾಡಾ ವ್ಯವಸ್ಥೆಯ ಮೂಲಕ ದೂರದಿಂದಲೇ ಆಜ್ಞೆ ಹೋಗುತ್ತದೆ.

ಹಬ್ಬಕ್ಕೆ ಊರಿಗೆ ಹೋದಾಗ ಕಾಕಾ ಕೇಳಿದರು: “ಬೆಂಗಳೂರಾಗ ನೀ ಮಾಡೂ ಕೆಲಸಾರ ಏನಪಾ?”

“ಯಾವ ಗೇಟು ಎಷ್ಟು ತೆರೀಬೇಕು, ಯಾವ ಕಾಲುವಿ ಎಲ್ಲಿ ಕೂಡಬೇಕು ಅಂತ ಬರದಿಡೂದ್ರಿ ಕಾಕಾ. ಅಲ್ಲಿ ನೀರಿನ ಬದ್ಲಿ ಮಾಹಿತಿ ಹರೀತೈತಿ.”

ನನ್ನದು ಕ್ಲೌಡ್ ಕೆಲಸ. ಕ್ಲೌಡ್ ಎಂದರೆ ಎಲ್ಲೋ ಒಂದು ಕಟ್ಟಡದಲ್ಲಿ ಸಾಲುಸಾಲಾಗಿ ನಿಂತ ಸರ್ವರ್‌ಗಳು. ಹಿಂದೆ ಒಂದೊಂದರ ಮುಂದೆಯೂ ಕೂತು ಐಪಿ ವಿಳಾಸ ಟೈಪ್ ಮಾಡಬೇಕಿತ್ತು. ಈಗ ಎಲ್ಲವನ್ನೂ ಟೆಂಪ್ಲೇಟ್ ಎಂಬ ಒಂದು ಕಡತದಲ್ಲಿ ಬರೆಯುತ್ತೇವೆ. ತಂತ್ರಾಂಶ ಅದನ್ನೋದಿ ನೂರು ಯಂತ್ರಗಳನ್ನು ತಾನೇ ಸಜ್ಜು ಮಾಡುತ್ತದೆ. ಬರೆಯುವುದು ಒಂದು ವಾರದ ಕೆಲಸ. ಅದನ್ನು ವರ್ಷಗಟ್ಟಲೆ ಸತ್ಯವಾಗಿ ಉಳಿಸಿಕೊಳ್ಳುವುದೇ ನಿಜವಾದ ದುಡಿಮೆ.

ಇದು ನನಗೆ ಮನವರಿಕೆಯಾದದ್ದು ಒಂದು ಸಂಖ್ಯೆಯಿಂದ. ಜಾಲದಲ್ಲಿ ಮಾಹಿತಿಯ ಒಂದು ಪೊಟ್ಟಣ ಎಷ್ಟು ದೊಡ್ಡದಿರಬಹುದು ಎಂಬ ಮಿತಿಗೆ ಎಂಟಿಯು ಎನ್ನುತ್ತಾರೆ. ಸಾಮಾನ್ಯವಾಗಿ ಅದು 1500 ಬೈಟ್. ಭಾರಿ ದತ್ತಾಂಶ ಓಡಾಡುವ ಸಂಗ್ರಹ ಜಾಲದಲ್ಲಿ ಹೆಚ್ಚಾಗಿ 9000 ಇಡುತ್ತಾರೆ. ನಾನಾಗ ಇದ್ದ ಕಡೆ ಒಂದು ರಾತ್ರಿ ಯಾರೋ ಅವಸರದಲ್ಲಿ ಓಡುತ್ತಿದ್ದ ಯಂತ್ರಗಳಲ್ಲೆಲ್ಲ ಕೈಯಿಂದಲೇ 9000 ಮಾಡಿದ್ದರು. ಕಡತದಲ್ಲಿ 1500 ಹಾಗೆಯೇ ಉಳಿಯಿತು. ತಿಂಗಳುಗಳ ನಂತರ ಹೊಸ ಸರ್ವರ್ ಒಂದು ಕಡತದ ಪ್ರಕಾರ ಬಂದು ಕೂಡಿಕೊಂಡಿತು. ಪಿಂಗ್ ಮಾಡಿದರೆ ಉತ್ತರ ಬರುತ್ತಿತ್ತು, ಲಾಗಿನ್ ಆಗುತ್ತಿತ್ತು. ಅದರ ಮೂಲಕ ದೊಡ್ಡ ಕಡತ ಕಳಿಸಿದರೆ ಮಾತ್ರ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಸಣ್ಣ ಪೊಟ್ಟಣ ನುಸುಳುತ್ತದೆ, ದೊಡ್ಡದು ಸಿಕ್ಕಿಹಾಕಿಕೊಳ್ಳುತ್ತದೆ. ಎರಡು ಹಗಲು ಎಲ್ಲರೂ ಡಿಸ್ಕನ್ನು ಬೈದದ್ದೇ ಬೈದದ್ದು.

ಓಪನ್‌ಸ್ಟ್ಯಾಕ್ ಎಂಬ ಕ್ಲೌಡ್ ತಂತ್ರಾಂಶದ ಟ್ರಿಪಲ್‌ಓ ಸಾಧನದಲ್ಲಿ ಇನ್ನೊಂದು ತೊಡಕಿತ್ತು. ಅಲ್ಲಿ ನೆಟ್‌ವರ್ಕ್ ಕಾರ್ಡುಗಳನ್ನು ನಿಕ್1, ನಿಕ್2 ಎಂದು ಕರೆಯುವ ಅನುಕೂಲವಿತ್ತು. ಬೇರೆ ಬೇರೆ ಕಂಪನಿಯ ಯಂತ್ರಗಳಿಗೂ ಒಂದೇ ಟೆಂಪ್ಲೇಟ್ ಸಾಕಾಗುತ್ತಿತ್ತು. ಆದರೆ ಕೇಬಲ್ ಸಿಕ್ಕಿಸಿ ಜೀವವಿರುವ ಪೋರ್ಟುಗಳನ್ನಷ್ಟೇ ಅದು ಎಣಿಸುತ್ತಿತ್ತು. ಒಂದು ಕೇಬಲ್ ಸಡಿಲವಾಯಿತೋ, ಮುಂದಿನದೆಲ್ಲ ಒಂದೊಂದು ಸ್ಥಾನ ಹಿಂದೆ ಸರಿದು, ಸಂಗ್ರಹ ಜಾಲದ ವಿಳಾಸ ಬೇರೊಂದು ಪೋರ್ಟಿಗೆ ಹೋಗಿ ಕೂಡುತ್ತಿತ್ತು. ಹಾಗಾಗಬಾರದೆಂದರೆ ಪ್ರತಿ ಕಾರ್ಡಿನ ಮ್ಯಾಕ್ ವಿಳಾಸವನ್ನೇ ಬರೆದಿಡಬೇಕಿತ್ತು. ಬೇಸರದ ಕೆಲಸ, ಆದರೂ ನಾನು ಬಿಡುತ್ತಿರಲಿಲ್ಲ.

ಸಾಧನಗಳಿಗೂ ಆಯುಷ್ಯವಿದೆ. ಟ್ರಿಪಲ್‌ಓದ ಜಾಲ ಟೆಂಪ್ಲೇಟುಗಳು ಮೊದಲು ಹೀಟ್ ಎಂಬ ವ್ಯವಸ್ಥೆಯಲ್ಲಿದ್ದವು, ಆಮೇಲೆ ಆನ್ಸಿಬಲ್‌ಗೆ ಬದಲಾದವು. 2023ರಲ್ಲಿ ಆ ಯೋಜನೆಯೇ ನಿಂತಿತು. ಅದನ್ನು ನೆಚ್ಚಿದವರು ತಮ್ಮ ಜಾಲದ ವಿವರವನ್ನೆಲ್ಲ ಹೊಸ ರೂಪಕ್ಕೆ ತರಬೇಕಾಯಿತು. ಸಾಲುಗಳು ಇದ್ದವು; ಈ ಪೋರ್ಟಿಗೆ ಇದೇ ಸಂಖ್ಯೆ ಯಾಕೆ ಎಂಬುದು ಮಾತ್ರ ಎಷ್ಟೋ ಕಡೆ ಬರೆದವರ ಜೊತೆಗೇ ಹೋಗಿತ್ತು.

ದೊಡ್ಡವರೂ ಇಂಥ ತಪ್ಪಿಗೆ ಹೊರತಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಜಗತ್ತಿನಿಂದಲೇ ಮರೆಯಾಗಿತ್ತು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆಜ್ಞೆ ಅದರ ಬೆನ್ನೆಲುಬಿನ ಜಾಲವನ್ನೇ ಕಡಿದಿತ್ತು. ತಪ್ಪು ಆಜ್ಞೆಯನ್ನು ತಡೆಯಬೇಕಿದ್ದ ತಪಾಸಣೆಯ ಸಾಧನದಲ್ಲೂ ದೋಷವಿತ್ತು.

ಕಥೆಯನ್ನೆಲ್ಲ ಕೇಳಿದ ಕಾಕಾ ಕೇಳಿದ್ದು ಒಂದೇ: “ರಾತ್ರಿ ಗೇಟ್ ತಿರುವಿದಾಂವ ಬುಕ್ಕಿನಾಗ ಬರೀಲಿಲ್ಲೇನು?”

ಬೆಂಗಳೂರಿಗೆ ಮರಳಿದವನು ಈಗಿನ ಕಡತದಲ್ಲಿರುವ 9000ದ ಮೇಲೆ ಒಂದು ಟಿಪ್ಪಣಿ ಸೇರಿಸಿದೆ: ಯಾವ ಜಾಲ, ಯಾಕೆ ಈ ಸಂಖ್ಯೆ, ಯಾರು ಬದಲಿಸಿದರು, ಎಂದು.