ಅಜೈಲ್ ಅಂದ್ರೆ ನಿಂತ್ಕೊಂಡು ಮೀಟಿಂಗ್ ಮಾಡೋದಲ್ಲ

ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಕಂಪನಿಯೊಂದರಲ್ಲಿ ಇದ್ದಾಗ ದಿನಾ ಬೆಳಿಗ್ಗೆ ಹದಿನೈದು ನಿಮಿಷ ನಿಂತ್ಕೊಂಡೇ ಮೀಟಿಂಗ್ ಮಾಡ್ತಿದ್ವಿ. ನಿನ್ನೆ ಏನ್ ಮಾಡಿದೆ, ಇವತ್ತು ಏನ್ ಮಾಡ್ತೀಯ, ಎಲ್ಲಿ ಸಿಕ್ಕಾಕ್ಕೊಂಡಿದೀಯ ಅಂತ ಮೂರೇ ಪ್ರಶ್ನೆ. ಮೂರನೆಯದಕ್ಕೆ ಯಾರೂ ನಿಜ ಹೇಳ್ತಿರಲಿಲ್ಲ. ಹೇಳಿದ್ರೆ ಅಪ್ರೈಸಲ್‌ನಲ್ಲಿ ಪೆಟ್ಟು ಬೀಳ್ತಿತ್ತು. ಗೋಡೆ ತುಂಬಾ ಬಣ್ಣದ ಚೀಟಿ, ಗಡುವು ಮಾತ್ರ ಮೇಲಿಂದ. ಇದನ್ನೇ ನಾವು 'ಅಜೈಲ್' ಅಂತಿದ್ವಿ.

ಅಸಲಿಗೆ ಅಜೈಲ್ ಅಂದ್ರೆ ಬೇರೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಒಂದು ಪ್ರಣಾಳಿಕೆ ಬರೆದರು. ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಸ್ಪಂದಿಸುವುದು ಮುಖ್ಯ ಅನ್ನುವುದು ಅದರ ನಾಲ್ಕು ಮೌಲ್ಯಗಳಲ್ಲಿ ಒಂದು. ಈ ಯೋಚನೆಯ ಬೇರು ಇನ್ನೂ ಹಳೆಯದು. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ದೋಷ ಕಂಡ ಕಾರ್ಮಿಕ ಹಗ್ಗ ಎಳೆಯಬಹುದಿತ್ತು. ಕೂಡಲೇ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತಿತ್ತು. ಅಂದ್ರೆ, 'ನಿಲ್ಲಿಸಿ, ಇದು ಸರಿಯಿಲ್ಲ' ಅನ್ನುವ ಅಧಿಕಾರ ಕೆಲಸದ ಹತ್ತಿರ ಇರೋರಿಗೆ ಸಿಗಬೇಕು.

ದಾವಣಗೆರೆಯವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಬೆಣ್ಣೆ ದೋಸೆ ಹುಯ್ಯೋರು ಮೊದಲ ದೋಸೆಯಲ್ಲೇ ಕಾವಲಿ ನೋಡ್ಕೊಂಡು ಉರಿ ಹೆಚ್ಚುಕಮ್ಮಿ ಮಾಡ್ತಾರೆ. ನೂರು ದೋಸೆ ಸೀದ ಮೇಲೆ ವರದಿ ಬರೆಯಲ್ಲ.

ನಗರ ಕಟ್ಟೋವಾಗ ಮಾತ್ರ ಈ ಬುದ್ಧಿ ಮರೆತುಹೋಗುತ್ತೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ದಾವಣಗೆರೆ ಇತ್ತು. ಸ್ಪರ್ಧೆ ಗೆಲ್ಲೋಕೆ ಏನೇನು ಕಟ್ಟುತ್ತೀವಿ ಅಂತ ಮೊದಲೇ ಬರೆದುಕೊಡಬೇಕಿತ್ತು. ಜಾರಿಗೆ ಪಾಲಿಕೆಯ ಆಚೆ ಒಂದು ಪ್ರತ್ಯೇಕ ಕಂಪನಿ. ಚುನಾಯಿತ ಕೌನ್ಸಿಲಿನ ಅಧಿಕಾರಗಳನ್ನೂ ಆ ಕಂಪನಿಗೆ ವಹಿಸಿ ಅಂತಲೇ ಕೇಂದ್ರದ ಮಾರ್ಗಸೂಚಿ ಹೇಳಿತ್ತು. ನಿಯಂತ್ರಣ ಕೊಠಡಿಗೆ ಇಟ್ಟ ಹೆಸರು 'ಕಮಾಂಡ್ ಅಂಡ್ ಕಂಟ್ರೋಲ್ ಸೆಂಟರ್'. ಆದೇಶ ಮತ್ತು ಹತೋಟಿ! ಪರದೆ ಮೇಲೆ ನಗರ ಕಾಣುತ್ತೆ, ಸರಿ. ಆದರೆ ವಾರ್ಡಿನವರು ಎಳೆಯೋಕೆ ಹಗ್ಗ ಎಲ್ಲಿದೆ? 2025ರ ಮಾರ್ಚ್ 31ಕ್ಕೆ ಆ ಮಿಷನ್ ಮುಗಿಯಿತು. ಪ್ರಶ್ನೆ ಹಾಗೇ ಉಳಿದಿದೆ.

'ಸರ್ಕಾರ ಸ್ಟಾರ್ಟಪ್ ಅಲ್ಲ, ಟೆಂಡರ್ ಆದ ಮೇಲೆ ಮನಸ್ಸಿಗೆ ಬಂದಂಗೆ ಬದಲಾಯಿಸಿದ್ರೆ ದುಡ್ಡು ಹೊಡೆಯೋರಿಗೆ ಹಬ್ಬ' ಅಂತ ನೀವು ಹೇಳಬಹುದು. ನ್ಯಾಯವಾದ ಮಾತು. ಅದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ವಿಶ್ವಬ್ಯಾಂಕ್ ಸಾಲದಲ್ಲಿ 24 ಗಂಟೆ ನೀರು ಕೊಡೋಕೆ ಹೊರಟಾಗ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳನ್ನ ಒಂದೇ ಸಲಕ್ಕೆ ಅಗೆಯಲಿಲ್ಲ. ಮೊದಲು ಹತ್ತರಲ್ಲೊಂದು ಭಾಗದಷ್ಟು ಜನರಿರುವ ಪ್ರಾತ್ಯಕ್ಷಿಕೆ ವಲಯಗಳಲ್ಲಿ ಮಾಡಿ ನೋಡಿದರು. ದುಡ್ಡಿಗೆ ಮಿತಿ ಇತ್ತು, ಲೆಕ್ಕ ಇತ್ತು, ಕಲಿಯೋಕೆ ಜಾಗವೂ ಇತ್ತು. ದರ, ಖಾಸಗಿ ನಿರ್ವಹಣೆ ಬಗ್ಗೆ ತಕರಾರು ಬೇಕಾದಷ್ಟಿದೆ. ಆದರೆ ಸಣ್ಣದಾಗಿ ಶುರು ಮಾಡೋದು ಸರ್ಕಾರಿ ನಿಯಮದೊಳಗೇ ಸಾಧ್ಯ ಅನ್ನೋದಕ್ಕೆ ಇದು ಸಾಕ್ಷಿ. ಎಡಿಬಿ ಸಾಲದ ನೀರಿನ ಯೋಜನೆಯಲ್ಲಿ ದಾವಣಗೆರೆ, ಹರಿಹರ ಎರಡೂ ಇವೆ. ವಲಯ ವಲಯವಾಗಿ ನೀರು ಬಿಟ್ಟು, ಜನರನ್ನ ಕೇಳಿ, ತಪ್ಪು ತಿದ್ದಿಕೊಂಡು ಮುಂದಿನ ವಲಯಕ್ಕೆ ಹೋಗೋದು ಅಸಾಧ್ಯವೇನಲ್ಲ.

ಕೇಳಬೇಕಾದವರು ಯಾರು? ಸಂವಿಧಾನದ 243ಎಸ್ ವಿಧಿ ಹೇಳುತ್ತೆ: ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರೋ ಕಡೆ ವಾರ್ಡ್ ಸಮಿತಿ ಇರಬೇಕು. 2011ರ ಜನಗಣತಿ ಪ್ರಕಾರ ದಾವಣಗೆರೆಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ. ಹರಿಹರದಲ್ಲಿ ಒಂದು ಲಕ್ಷವೂ ಇಲ್ಲ. ದಾವಣಗೆರೆಗೆ ತುಂಗಭದ್ರೆಯ ನೀರೆತ್ತೋದು ಹರಿಹರದ ಹತ್ತಿರದ ರಾಜನಹಳ್ಳಿಯಲ್ಲಿ. ಕುಡಿಯೋದು ಒಂದೇ ಹೊಳೆ ನೀರು, ಆದರೆ ಸಂವಿಧಾನ ಕಡ್ಡಾಯ ಮಾಡಿದ ಸಮಿತಿ ಒಬ್ಬರಿಗೆ ಮಾತ್ರ. ಈ ಮೂರು ಲಕ್ಷದ ಗೆರೆಯನ್ನೇ ಪ್ರಶ್ನಿಸಬೇಕು.

ಅಲ್ಲಿವರೆಗೆ ಶುರು ಮಾಡೋಕೆ ಆ್ಯಪ್ ಬೇಡ, ಕನ್ಸಲ್ಟೆಂಟ್ ಬೇಡ. ತಿಂಗಳಿಗೊಮ್ಮೆ ವಾರ್ಡಿನಲ್ಲಿ ಎಂಜಿನಿಯರ್, ಪೌರಕಾರ್ಮಿಕರು, ನೀರು ಬಿಡೋರು, ನಿವಾಸಿಗಳು ಕೂರಲಿ. ಅವೇ ಮೂರು ಪ್ರಶ್ನೆ: ಏನಾಯ್ತು, ಮುಂದೇನು, ಎಲ್ಲಿ ಸಿಕ್ಕಾಕ್ಕೊಂಡಿದೆ? ಉತ್ತರಗಳನ್ನ ವಾರ್ಡ್ ಕಚೇರಿ ಗೋಡೆಗೆ ಅಂಟಿಸಲಿ. ಮೂರನೇ ಪ್ರಶ್ನೆಗೆ ನಿಜ ಹೇಳಿದ ನೌಕರರಿಗೆ ನೋಟಿಸ್ ಹೋಗಬಾರದು, ಸಹಾಯ ಬರಬೇಕು. ನಮ್ಮ ಕಂಪನಿಯಲ್ಲಿ ಇಲ್ಲದೇ ಹೋದದ್ದು ಅದೊಂದೇ.